ಫಕೀರೇಶನ ಪಕ್ಕೆಲುಬು ದಿಗ್ವಿಜಯ

ವಾಗ್ದೇವಿಯೇ, ವೀಣೆಯನ್ನು ತುಸು ಬದಿಗಿಟ್ಟು ಇತ್ತ ಕಿವಿಗೊಡು! ಕಲಿಯುಗದ ಈ ಪಾದದಲ್ಲಿ, ಗದಗ ಪಟ್ಟಣದ ಒಂದು ಚಿತ್ರಕಲಾ ಶಾಲೆಯಲ್ಲಿ, ಅಂಗಾರಧೂಳಿಧೂಸರಿತಬಾಹುವೂ ಅಸ್ಥಿಲೇಖನದೀಕ್ಷಾಬದ್ಧನೂ ಉಪಾಹಾರವಿಸ್ಮರಣಶೀಲನೂ ಆದ ಫಕೀರೇಶ ಬಾರಕೇರನೆಂಬ ವಿದ್ಯಾರ್ಥಿವೀರನು ಎಲುಬುಗೂಡಿನ ಮೇಲೆ ದಂಡೆತ್ತಿ ಹೋದ ಕಥೆಯನ್ನು ಹೇಳುತ್ತೇನೆ. ನಗುವವರು ಆಚೆ ಹೋಗಿ ನಕ್ಕು ಬರಬಹುದು.

ಯುದ್ಧದ ಕಾರಣ ಸಣ್ಣದಲ್ಲ. ಎಲುಬುಗೂಡಿನ ಚಿತ್ರಕ್ಕೆ ಪಾಠ ಹೇಳುವ ಕುಬಸದ ಸರ್ ಅವರ ಸಹಿ ಬೀಳದೆ ಆ ಶಾಲೆಯಲ್ಲಿ ಜೀವಂತ ಮನುಷ್ಯರನ್ನು ಬರೆಯುವ ತರಗತಿಗೆ ಪ್ರವೇಶವಿರಲಿಲ್ಲ. ಉಳಿದವರೆಲ್ಲ ದಾಟಿಯಾಗಿತ್ತು, ಫಕೀರೇಶ ಮತ್ತು ಅವನ ಗೆಳೆಯ ಯಮನೂರ ಮಾತ್ರ ಎಲುಬಿನಲ್ಲೇ ಸಿಕ್ಕಿಕೊಂಡಿದ್ದರು. ಮಗ ತನ್ನ ಮುಖ ಬರೆಯುತ್ತಾನೆಂದು ಕಾದಿದ್ದ ಅವ್ವ, ಹಬ್ಬಕ್ಕೆ ಬಂದವನ ಹಾಳೆಗಳನ್ನು ನೋಡಿ ಕಂಗಾಲಾಗಿದ್ದಳು. "ಬರೇ ಎಲುಬ ಬರದೀಯಲ್ಲೋ! ಜೀವಂತ ಮಂದಿ ಯಾರೂ ಸಿಗಲಿಲ್ಲೇನು ನಿನಗ?" ಆ ಮಾತು ನಮ್ಮ ವೀರನ ಎದೆಗೆ ನಾಟಿತ್ತು. ಪಾಪ, ಅವನಿಗೆ ನಿಜಕ್ಕೂ ಅವ್ವನ ಮುಖವನ್ನೇ ಬರೆಯಬೇಕಿತ್ತು.

ಎದುರಾಳಿಯಾದರೂ ಸಾಮಾನ್ಯನೇ? ನೆತ್ತಿಯ ಕೊಕ್ಕೆಯಿಂದ ತೂಗುವ, ನಿರ್ಮಾಂಸನೂ ನಿರ್ಲಜ್ಜನೂ ನಿತ್ಯಹಸನ್ಮುಖನೂ ಆದ ಅವನನ್ನು ಹುಡುಗರು ಪ್ರೀತಿಯಿಂದ ಕಾಕಾ ಎನ್ನುತ್ತಿದ್ದರು. ಬೆಳಗ್ಗೆ ಆರಂಭವಾದ ಸಮರದಲ್ಲಿ ಮಧ್ಯಾಹ್ನದೊಳಗೆ ತಲೆಬುರುಡೆ ಶರಣಾಯಿತು, ಬೆನ್ನೆಲುಬು ಬಾಗಿತು, ಪಕ್ಕೆಲುಬುಗಳು ಒಂದೊಂದಾಗಿ ಹಾಳೆಗಿಳಿದವು. ಗೆಲುವು ಕಣ್ಣೆದುರು ಕಂಡದ್ದೇ ತಡ, ಫಕೀರೇಶ ಎದ್ದುನಿಂತು ಇದ್ದಲಿನ ತುಂಡನ್ನು ಖಡ್ಗದಂತೆ ಝಳಪಿಸಿದ.

"ಎಲೈ ಕಾಕಾ! ಹಲವು ಸಲ ನನ್ನನ್ನು ಹಿಮ್ಮೆಟ್ಟಿಸಿದ ನಿನ್ನ ಅಸ್ಥಿದರ್ಪ ಇಂದು ಭಂಗವಾಯಿತು! ನಿನ್ನ ಕೊನೆಯ ಎಲುಬನ್ನೂ ಈ ಹಾಳೆಯಲ್ಲಿ ಸೆರೆಹಿಡಿಯದಿದ್ದರೆ ನಾನು ಬಾರಕೇರ ವಂಶದವನೇ ಅಲ್ಲ!"

"ಸಾವಕಾಶಲೇ," ಎಂದ ಯಮನೂರ. "ಕಾಕಾ ಎಲ್ಲೂ ಓಡಿ ಹೋಗೂದಿಲ್ಲ."

ಮಾತಿನ ಭರದಲ್ಲಿ ಲೆಕ್ಕ ತಪ್ಪಿತು. ಮತ್ತೆ ಕುಳಿತು, ಆಗಲೇ ಬರೆದಿದ್ದ ಪಕ್ಕೆಲುಬನ್ನೇ ಇನ್ನೊಮ್ಮೆ ಬರೆದ. ಕಾಕಾನಿಗೆ ಒಂದು ಬದಿಗೆ ಹನ್ನೆರಡಿದ್ದರೆ ಚಿತ್ರದಲ್ಲಿ ಹದಿಮೂರಾದವು. ಆದರೂ ವೀರ ಧೈರ್ಯಗೆಡಲಿಲ್ಲ. ಇದ್ದಲಿನ ಗೆರೆ ಅಳಿಸಲು ಆ ಶಾಲೆಯಲ್ಲಿ ರಬ್ಬರಿನ ಬದಲು ಬ್ರೆಡ್ಡಿನ ಮೆತ್ತನೆಯ ತಿರುಳನ್ನು ಬಳಸುವುದು ವಾಡಿಕೆ. ಅವನು ಅದಕ್ಕಾಗಿ ಕೈಚಾಚಿದ, ಬ್ರೆಡ್ ಇರಲಿಲ್ಲ.

"ಲೇ ಯಮನೂರ, ಬ್ರೆಡ್ ಎಲ್ಲೈತಿ?"

"ಹಸಿವಾಗಿತ್ತು. ಚಾದಾಗ ಅದ್ದಕೊಂಡ ತಿಂದ್ನಿ."

"ಅದು ಅಳಸೂ ಬ್ರೆಡ್ಡಲೇ!"

"ಹಂಗಾರ ಮ್ಯಾಲೆ ಬರದಿಡಬೇಕಿತ್ತು."

ಸರ್ ಬರುವ ಹೊತ್ತಾಗಿತ್ತು. ಆಗ ಆ ಮಹಾಶೂರನಿಗೆ ಕಂಡದ್ದು ಅವ್ವ ಕಳಿಸಿದ್ದ ಡಬ್ಬಿ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ. ಮೆತ್ತಗಿದೆ, ಬ್ರೆಡ್ಡಿನ ಹಾಗೇ ಇದೆ ಎಂದುಕೊಂಡ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಕಾಣೆ! ಒಂದನ್ನು ಮಡಚಿ, ಅವಡುಗಚ್ಚಿ, ಹೆಚ್ಚುವರಿ ಪಕ್ಕೆಲುಬಿನ ಮೇಲೆ ತಿಕ್ಕಿದ. ಎಣ್ಣೆ ಕುಡಿದು ಬೆಲ್ಲ ಮೆತ್ತಿಕೊಂಡ ಆ ಎಲುಬು ಅಳಿಯುವ ಬದಲು ಉಳಿದೆಲ್ಲ ಎಲುಬುಗಳಿಗಿಂತ ಕಪ್ಪಾಗಿ ಮಿರಮಿರ ಮಿಂಚಿತು.

ಕುಬಸದ ಸರ್ ಬಂದರು. ಪೆನ್ಸಿಲ್ಲಿನ ತುದಿಯಿಂದ ಮೇಲಿನಿಂದ ಎಣಿಸುತ್ತ ಇಳಿದು, ಒಂದು ಕಡೆ ನಿಂತರು.

"ಇವ ಯಾರಪಾ, ಹೊಸಬ?" ಹಾಳೆಗೆ ಮೂಗು ಹಚ್ಚಿದರು. "ಶೇಂಗಾ ಹೋಳಿಗಿ?"

"ಹೌದ್ರೀ ಸರ್."

"ಉಳದಾವೇನು?"

ಉಳಿದಿದ್ದವು. ಸರ್ ನಿಂತಲ್ಲೇ ಎಲ್ಲವನ್ನೂ ತಿಂದು, ಕೈ ಒರೆಸಿಕೊಂಡು ಹೇಳಿದರು. "ತಲಿಬುರುಡಿ ಭಾಳ ಚಲೋ ಬಂದೈತಿ. ಆದ್ರ ಸಹಿ ಹಾಕಾಕ ಆಗೂದಿಲ್ಲ. ಮತ್ತ ಬರಿ. ಈ ಸಲ ಬಾಯಿ ಮುಚಗೊಂಡ ಎಣಸು."

ಫಕೀರೇಶನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಫೋನು ಬಂತು.

"ಹೋಳಿಗಿ ತಿಂದೇನೋ?" ಎಂದಳು ಅವ್ವ.

"ಇಲ್ಲಬೇ. ಒಂದು ಎಲುಬಿಗೆ ಹೋತು. ಉಳದದ್ದು ಸರ್ ತಿಂದ್ರು."

"ಸರ್‌ಗೆ ಸೇರಿದ್ವೇನು? ಮತ್ತ ಮಾಡಿ ಕಳಸ್ತೀನಿ ಬಿಡು. ನೀ ಆ ಎಲುಬ ಲಗೂ ಮುಗಸಪಾ. ನನ್ನ ಮಾರಿ ಪೂರಾ ಸುಕ್ಕಾಗೂದ್ರೊಳಗ ಬರಿಯಂತಿ."

ಹಳೆಯ ಹಾಳೆಯ ಹದಿಮೂರನೆಯ ಪಕ್ಕೆಲುಬಿಗೆ ಆಗಲೇ ಇರುವೆಗಳು ಮುತ್ತಿದ್ದವು. ಕಾಕಾ ಎಂದಿನಂತೆ ಹಲ್ಲು ಕಿರಿಯುತ್ತಿದ್ದ. ಮಹಾವೀರ ಫಕೀರೇಶನು ಹೊಸ ಹಾಳೆಯನ್ನು ಹಲಗೆಗೆ ಸಿಕ್ಕಿಸಿ, ಯಾವ ಘೋಷಣೆಯನ್ನೂ ಮಾಡದೆ, ತುಟಿಯೊಳಗೇ ಎಣಿಸಿದ: ಒಂದು.