ಮಲಕಾಜಪ್ಪನ ಮಾಳಿಗಿ ಮ್ಯಾಲಿನ ಹೀರಿಬಳ್ಳಿ

ಮಲಕಾಜಪ್ಪ ಬೀಗರ ಮುಂದ ಹಂಗ ಮಾತು ಕೊಡಬಾರದಿತ್ತು. ಕೊಟ್ಟ. ಅದೂ ಮಂದಿ ಕುಂತಾಗ, ಚಹಾ ಕುಡದು ಮೀಸಿ ಒರಸಿಕೋತ ಕೊಟ್ಟ.

"ಶ್ರೀದೇವಿ ಸೀಮಂತದ ಕುಬಸ ನಮ್ಮ ಮನ್ಯಾಗ. ಆವತ್ತ ಸಂತಿ ಹೀರಿಕಾಯಿ ಹೊಸ್ತಿಲಾ ದಾಟಂಗಿಲ್ಲ. ಔಷಧ ಹೊಡದ ಕಾಯಿ ನನ್ನ ಮಗಳ ಹೊಟ್ಟಿಗೆ ಯಾಕ ಹೋಗಬೇಕು? ನಮ್ಮ ಮಾಳಿಗಿ ಮ್ಯಾಲ ಬೆಳದದ್ದ ಬಡಸೂದು."

(ಮಾಳಿಗಿ ಮ್ಯಾಲ ಆಗ ಇದ್ದದ್ದು ಒಂದು ಮುರುಕು ಮಂಚ ಮತ್ತ ಒಣಗಾಕ ಹಾಕಿದ ಮೆಣಸಿನಕಾಯಿ.)

"ಭಾಳ ಛಲೋ ಆತು ಬೀಗರ" ಅಂದ್ಲು ರಬಕವಿಯಿಂದ ಬಂದಿದ್ದ ಬೀಗತಿ ರತ್ನಾಬಾಯಿ. "ನನ್ನ ಕೈಯಾರೆ ಹರಕೊಂಡು ಸೊಸಿಗೆ ಪಲ್ಯಾ ಮಾಡಿ ಹಾಕತೇನಿ."

ಒಳಗ ರೊಟ್ಟಿ ಬಡಿಯಾಕತ್ತಿದ್ದ ದಾನಮ್ಮನ ಕೈ ಅಲ್ಲೇ ನಿಂತಿತು. ಗಂಡ ಮಾತು ಕೊಟ್ಟಾಗೊಮ್ಮೆ ಅದನ್ನ ತೀರಸೂದು ಯಾರ ಪಾಲಿಗೆ ಬರತೈತಿ ಅನ್ನೂದು ಆಕಿಗೆ ಗೊತ್ತಿತ್ತು.

ಮಲಕಾಜಪ್ಪ ಬನಹಟ್ಟಿಯೊಳಗ ಜೀವಮಾನಾ ಪೂರ್ತಿ ಸೀರಿ ನೇದಾಂವ. ಮಣ್ಣು ಮುಟ್ಟಿದಾಂವ ಅಲ್ಲ. ಆದ್ರ ಮಗಳು ಬಸರಿ ಅಂತ ಕೇಳಿದಾಗಿಂದ ಅಂವಗ ಒಂದು ಅಂಜಿಕಿ ಹೊಕ್ಕಿತ್ತು. ಮೊಬೈಲದಾಗ ಕಾಯಿಪಲ್ಯಾಕ್ಕ ವಿಷ ಹೊಡಿಯೂದು ನೋಡಿ ನೋಡಿ ಪ್ರತಿ ತುತ್ತನ್ನೂ ಮೂಸಿ ನೋಡಿ ಬಾಯಿಗೆ ಇಡತಿದ್ದ. ಇದ್ದಾಕಿ ಒಬ್ಬ ಮಗಳು. ಆಕಿಗೆ ತಾನು ಬೆಳದದ್ದು ಒಂದು ತುತ್ತು ಉಣಿಸಬೇಕು, ಅಷ್ಟ ಅಂವನ ಆಸೆ.

ಹಳೇ ಬಣ್ಣದ ಡಬ್ಬಿ, ಒಡದ ಬಕೀಟು, ಎಲ್ಲಾ ಮಾಳಿಗಿ ಏರಿದ್ವು. ಅವುಗಳಾಗ ಮಣ್ಣು ತುಂಬಿ ಹೀರಿ ಬೀಜ ಊರಿದ. ಸಗಣಿ, ಗೋಮೂತ್ರ, ಕಡ್ಲಿಹಿಟ್ಟು, ಬೆಲ್ಲ ಕಲಸಿ ಜೀವಾಮೃತ ಮಾಡಿದ. ಅದರ ವಾಸನಿಗೆ ಓಣಿಯ ಮಂದಿ ಮೂಗು ಮುಚ್ಚಿಕೊಂಡು ಓಡ್ಯಾಡಿದ್ರು.

"ಹೋಳಿಗಿಗೆ ಇಟ್ಟ ಬೆಲ್ಲ ಎಲ್ಲೈತ್ರಿ?" ಕೇಳಿದ್ಲು ದಾನಮ್ಮ.

"ಬಳ್ಳಿ ಕುಡದೈತಿ."

"ಕಡ್ಲಿಹಿಟ್ಟು?"

"ಅದೂ ಬಳ್ಳಿಗೆ."

"ಹಂಗಾದ್ರ ನಾಳೆಯಿಂದ ಊಟಕ್ಕ ನೀವೂ ಬಳ್ಳಿ ಬುಡಕ ಹೋಗಿ ಕೂಡ್ರಿ."

ಬಳ್ಳಿ ಮಾತ್ರ ಹುರುಪಿಲೆ ಬಂತು. ಮಲಕಾಜಪ್ಪ ದಾರ ಎಳದು ಚಪ್ಪರ ಹಾಕಿದ್ದ. ನೇಕಾರನ ಕಣ್ಣು ನೋಡ್ರಿ, ಒಂದು ಕುಡಿ ಸೊಟ್ಟ ಹೋದ್ರೂ ಸಹಿಸತಿರಲಿಲ್ಲ. ದಿನಾ ಮುಂಜಾನೆ ಎಲ್ಲಾ ಕುಡಿ ಹಿಡದು, ಮಗ್ಗದ ಎಳಿ ಹೊಂದಿಸಿದಂಗ ಸಾಲಾಗಿ ಹೊಂದಸತಿದ್ದ. ಸಂಜಿ ಆಗೂದರಾಗ ಬಳ್ಳಿ ತನಗ ಬೇಕಾದಲ್ಲಿ ಹೋಗಿರತಿತ್ತು.

ಆಮ್ಯಾಲ ಹೂ ಬಂದ್ವು. ಹೀರಿ ಹೂ ಅರಳೂದು ಸಂಜಿ ಮುಂದ, ದೀಪ ಹಚ್ಚೂ ಹೊತ್ತಿಗೆ. ಕೆಲವು ಹೂವಿನ ಹಿಂದ ಬೆರಳಷ್ಟು ಎಳಿ ಕಾಯಿ ಇತ್ತು. ಉಳಿದವು ಬರೇ ಹೂ, ಗೊಂಚಲ ಗೊಂಚಲ. ಮಲಕಾಜಪ್ಪ ಶಾಣ್ಯಾ ಮನಷ್ಯಾ. ಕಾಯಿ ಇಲ್ಲದ ಟೊಳ್ಳು ಹೂ ಬಳ್ಳಿಯ ಸತ್ವ ತಿಂತಾವ ಅಂತ ಲೆಕ್ಕಾ ಹಾಕಿದ. ಒಂದನ್ನೂ ಬಿಡದ ಆರಿಸಿ ಕಿತ್ತು, ಕಸಕ್ಕ ಚೆಲ್ಲೂದು ಯಾಕ ಅಂತ ಬುಟ್ಟಿ ತುಂಬಿ ದೇವರಿಗೆ ಏರಿಸಾಕ ಹತ್ತಿದ. ಹಳದಿ ಹೂವಿನಾಗ ದೇವರು ಮುಳುಗಿಹೋದ. ಬಳ್ಳಿಗೂ ಛಲೋ, ಪುಣ್ಯಕ್ಕೂ ಛಲೋ ಅಂತ ಮಲಕಾಜಪ್ಪಗ ಭಾಳ ಸಮಾಧಾನ.

ಆದ್ರ ಎಳಿ ಕಾಯಿ ಹಳದಿ ಆಗಿ ಉದರಾಕ ಹತ್ತಿದ್ವು. ಅಂವ ಮೊದಲ ಓಣಿಯ ಮಂದಿ ಕಣ್ಣು ಹತ್ತೇತಿ ಅಂದ, ಹಳೇ ಚಪ್ಪಲಿ ಕಟ್ಟಿದ. ಆಮ್ಯಾಲ ದಾನಮ್ಮ ಒಣಹಾಕೂ ಅರಿವಿಯ ಸಾಬೂನಿನ ಗಾಳಿ ಅಂದ. ದಾನಮ್ಮ ಅರಿವಿ ತಗೊಂಡು ಕೆಳಗ ಹೋದ್ಲು. ಕಾಯಿ ಉದರೂದು ನಿಂದರಲಿಲ್ಲ. ಮಲಕಾಜಪ್ಪ ರಾತ್ರಿ ಊಟಾ ಬಿಡೂ ಹಂಗಾದ.

ಕುಬಸದ ದಿನಾ ಬಂದೇ ಬಂತು. ಊರ ಪ್ಯಾಟ್ಯಾಗ ಗುರುತಿನವರು ನೋಡಿಯಾರು ಅಂತ ಮಲಕಾಜಪ್ಪ ಹೊತ್ತು ಹುಟ್ಟೂದರಾಗ ಬಸ್ ಹತ್ತಿ ಮಹಾಲಿಂಗಪುರಕ್ಕ ಹೋದ. ಚೀಲದಾಗ ಹೀರಿಕಾಯಿ ತಂದು, ಮಾಳಿಗಿ ಏರಿ, ಒಂದೊಂದನ್ನ ದಾರದಿಂದ ಬಳ್ಳಿಗೆ ಕಟ್ಟಿದ. ದಾನಮ್ಮ ಮೆಟ್ಟಲ ಮ್ಯಾಲ ನಿಂತು ನೋಡಿದ್ಲು.

"ಅಲ್ಲೊಂದು ತಲಿ ಕೆಳಗಾಗಿ ಜೋತೈತಿ" ಅಂದು ಇಳದು ಹೋದ್ಲು.

ಬೀಗರು ಬಂದ್ರು. ರತ್ನಾಬಾಯಿ ಕಾಲಾಗಿನ ಚಪ್ಪಲಿ ಬಿಟ್ಟಾಕಿನ ಸೀದಾ ಮಾಳಿಗಿಗೆ ನಡದ್ಲು. ಹಿಂದ ನಾಕಾರು ಹೆಣ್ಮಕ್ಕಳು, ಹಸರ ಸೀರಿ ಉಟ್ಟ ಶ್ರೀದೇವಿ, ಬೆವರಿಕೋತ ಮಲಕಾಜಪ್ಪ. ರತ್ನಾಬಾಯಿ ಒಂದು ಕಾಯಿ ಹಿಡದು ಜಗ್ಗಿದ್ಲು. ಬರಲಿಲ್ಲ. ಜೋರಲೆ ಜಗ್ಗಿದ್ಲು. ಚಪ್ಪರಾನ ಅಳಗಾಡಿತು, ಕಾಯಿ ಬರಲಿಲ್ಲ. ಮುಂಜಾನೆ ಕಟ್ಟೂ ಗಾಬರಿಯೊಳಗ ಮಲಕಾಜಪ್ಪನ ಕೈ, ಮಗ್ಗದಾಗ ಹರಿದ ಎಳಿ ಕೂಡಸೂ ಗಂಟನ್ನ ಹಾಕಿಬಿಟ್ಟಿತ್ತು. ಅದು ಜಗ್ಗಿದಷ್ಟು ಬಿಗಿ ಆಗೂ ಗಂಟು.

ರತ್ನಾಬಾಯಿಯೂ ನೇಕಾರರ ಮನಿಯಾಕಿ. ಎಲಿ ಸರಿಸಿ ನೋಡಿದ್ಲು, ಬೆರಳಿನಿಂದ ಗಂಟು ಮುಟ್ಟಿದ್ಲು, ಮಲಕಾಜಪ್ಪನ ಮಾರಿ ನೋಡಿದ್ಲು. ಆಮ್ಯಾಲ ಉಗರಲೆ ಗಂಟು ಸಡಲಿಸಿ, ದಾರ ಮುಷ್ಟಿಯೊಳಗ ಮುಚ್ಚಿಕೊಂಡು, "ಗಟ್ಟಿ ಬಳ್ಳಿ ನೋಡ್ರೆವಾ" ಅಂತ ಎಲ್ಲಾರಿಗೂ ಕಾಯಿ ತೋರಿಸಿದ್ಲು. ಮಲಕಾಜಪ್ಪನ ಹೋದ ಜೀವ ಬಂದಂಗಾತು.

"ಅಪ್ಪ ಬೆಳದ ಕಾಯಿ" ಅಂದ್ಲು ಶ್ರೀದೇವಿ, ಅದನ್ನ ಇಸಕೊಂಡು. "ಮೊದಲ ತುತ್ತು ನನಗ. ಬ್ಯಾರೆ ಏನೂ ಹಾಕಬ್ಯಾಡ್ರಿ, ಇದನ್ನಷ್ಟ ಹಾಕ್ರಿ."

ಮಾನ ಉಳದಿತ್ತು. ಸುಮ್ಮ ಇದ್ರ ಆಗತಿತ್ತು. ಆದ್ರ ಮಲಕಾಜಪ್ಪ ಮುಂದ ಬಂದು ಮಗಳ ಕೈಯಾಗಿನ ಆ ಕಾಯಿ ಹಿಡಕೊಂಡ. ಯಾವ ವಿಷಕ್ಕ ಅಂಜಿ ಇಷ್ಟೆಲ್ಲಾ ಹೊಂದಿಸಿದ್ನೋ, ಅದನ್ನ ತಾನ ತಂದು ಕೊಟ್ಟಂಗ ಆಗಿತ್ತು.

"ಬ್ಯಾಡವ್ವಾ" ಅಂದ. "ಅದು ಸಂತಿ ಕಾಯಿ. ನಾನ ಮಹಾಲಿಂಗಪುರದಿಂದ ತಂದು ಕಟ್ಟೇನಿ. ನಮ್ಮ ಬಳ್ಳಿ ಒಂದೂ ಕಾಯಿ ಕೊಡಲಿಲ್ಲ."

ರತ್ನಾಬಾಯಿ ಬಳ್ಳಿ ಸುತ್ತ ಹೋಗಿ ನೋಡಿದ್ಲು. "ಇದರಾಗ ಗಂಡು ಹೂ ಒಂದೂ ಇಲ್ಲಲ್ರಿ ಬೀಗರ. ಎಲ್ಲಿ ಹೋದ್ವು?"

"ಕಾಯಿ ಇಲ್ಲದ ಹೂವಾ? ಅವನ್ನ ದಿನಾ ದೇವರಿಗೆ ಏರಸತಿದ್ದೆ."

ರತ್ನಾಬಾಯಿ ಸೆರಗು ಬಾಯಿಗೆ ಹಿಡದ್ಲು. ದಾನಮ್ಮಗ ಅಷ್ಟ ಸಾಕಾತು.

"ಮಗಳಿಗೆ ಊರೂರು ತಿರಗಿ ಅಳಿಯನ್ನ ಹುಡಕಿದ್ರಿ" ಅಂದ್ಲು. "ಬಳ್ಳಿಗೆ ಮನಿತನಕ ಬಂದ ಅಳಿಯಂದ್ರನ್ನ ದಿನಾ ಕುತಗಿ ಮುರದು ದೇವರ ತಲಿ ಮ್ಯಾಲ ಇಟ್ರಿ. ಅದರ ಕುಬಸ ಎಲ್ಲಿಂದ ಆಗಬೇಕು?"

ಹೆಣ್ಮಕ್ಕಳು ನಕ್ಕ ನಗಿಗೆ ಆಜೂಬಾಜೂ ಮಾಳಿಗಿಯ ಮಂದಿ ಎದ್ದು ನಿಂತು ನೋಡಿದ್ರು. ಶ್ರೀದೇವಿ ಹೊಟ್ಟಿ ಹಿಡಕೊಂಡು ನಕ್ಕು, ಅಪ್ಪನ ಕೈ ಹಿಡದು ಮೆಟ್ಟಲ ಇಳದ್ಲು.

"ಇಷ್ಟು ದಿನಾ ನಾ ಸಂತಿ ಕಾಯಿಪಲ್ಯಾನ ತಿಂದೇನಪ್ಪಾ. ಉಪ್ಪುನೀರಾಗ ತೊಳದು ಕೊಡು, ಹಸಿವಿ ಆಗೇತಿ."

ಮಲಕಾಜಪ್ಪ ತೊಳದ, ಮತ್ತ ತೊಳದ. ಕಡೀಕ ದಾನಮ್ಮ ಬುಟ್ಟಿ ಕಸಗೊಂಡು ಒಳಗ ಒಯ್ದ್ಲು. ಮಗಳು ಎರಡು ಸಲ ಪಲ್ಯಾ ಹಾಕಿಸಿಕೊಂಡು ಉಂಡದ್ದನ್ನ ಅಂವ ಬಾಗಲದಾಗ ನಿಂತು ನೋಡಿದ.

ಸಂಜಿಗೆ ಬೀಗರು ಹೋದ ಮ್ಯಾಲ ದಾನಮ್ಮ ದೀಪಾ ಹಚ್ಚಾಕ ಬಂದ್ಲು. ದೇವರ ಮುಂದ ಒಂದೂ ಹೂ ಇರಲಿಲ್ಲ. ಮಾಳಿಗಿಗೆ ಹೋಗಿ ನೋಡಿದ್ರ ಮಲಕಾಜಪ್ಪ ಆಗಷ್ಟ ಅರಳಿದ ಗಂಡು ಹೂವಿನ ಹತ್ತರ ಕೈ ಕಟಗೊಂಡು ಕುಂತಿದ್ದ.

"ದೇವರಿಗೆ ಹೂ ಬ್ಯಾಡೇನ್ರಿ?"

"ಇವತ್ತ ಹಂಗ ಇರಲಿ ಬಿಡ" ಅಂದ ಅಂವ. "ದೇವರೂ ಮಕ್ಕಳಿದ್ದಾಂವ. ತಿಳಕೊಂತಾನ."