ಹದಿನೈದರ ಒಳಗಿದ್ದರೆ ಮಾತ್ರ

ನಮ್ಮ ಭಾವ ಹೆಂಡತಿಯೊಬ್ಬಳನ್ನು ಬಿಟ್ಟು ಜಗತ್ತಿನ ಉಳಿದೆಲ್ಲವನ್ನೂ ಭಾಗಿಸಿ ನೋಡಿದ್ದಾರೆ. ಅವಳನ್ನು ಬಿಟ್ಟದ್ದು ಪ್ರೀತಿಗೋ ಹೆದರಿಕೆಗೋ? ಅವಳು ನನ್ನ ಅಕ್ಕ; ಹೆದರಿಕೆಗೇ ಎಂದು ನಾನು ನಂಬಿದ್ದೆ.

ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಹತ್ತಿ ವ್ಯಾಪಾರ ಮಾಡಿ, ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಭಾವನಿಗೆ ಶೇರಿನ ಹುಚ್ಚು ಹಿಡಿಯಿತು. ಸೂತ್ರ ಒಂದೇ. ಶೇರಿನ ಬೆಲೆಯನ್ನು, ಆ ಒಂದು ಶೇರಿನ ಪಾಲಿಗೆ ಬರುವ ವರ್ಷದ ಲಾಭದಿಂದ ಭಾಗಿಸಬೇಕು. ಅದಕ್ಕೆ ಪಿ.ಇ. ಎಂದು ಹೆಸರು. ನೂರು ರೂಪಾಯಿಯ ಶೇರು ಹತ್ತು ರೂಪಾಯಿ ಗಳಿಸಿದರೆ ಪಿ.ಇ. ಹತ್ತು. ಹದಿನೈದರ ಒಳಗಿದ್ದರೆ ಕೊಳ್ಳುವುದು, ದಾಟಿದರೆ ಮುಖ ತಿರುಗಿಸುವುದು. ಶೇರಿಗೆ ಇದು ಸರಿ. ಭಾವ ಅಲ್ಲಿಗೆ ನಿಲ್ಲುವವರೇ!

ವಿದ್ಯಾನಗರದಲ್ಲಿ ಮಗ ಇಷ್ಟಪಟ್ಟ ಮನೆಯನ್ನು ಅದರ ಬಾಡಿಗೆಯಿಂದ ಭಾಗಿಸಿದರು. ನಲವತ್ತು ಬಂತು, ಖರೀದಿ ನಿಂತಿತು. ಸುಳ್ಳ ಎಂಬ ಹಳ್ಳಿಯ ಬೀಗರ ಎಮ್ಮೆಯನ್ನು ಹಾಲಿನಿಂದ ಭಾಗಿಸಿದರೆ ಎರಡು. ಎಮ್ಮೆಯನ್ನು ಬಾಯಿ ತುಂಬ ಹೊಗಳಿದರು, ಬೀಗರನ್ನು ಮರೆತರು. ಗಿರಮಿಟ್ ಗಾಡಿಯದು ಒಂದೂ ಬರಲಿಲ್ಲ. ಊರಲ್ಲೇ ಇಷ್ಟು ಅಗ್ಗದ ಆಸ್ತಿ ಇನ್ನೊಂದಿಲ್ಲ, ನನಗೆ ಮಾರು ಎಂದು ದುಂಬಾಲು ಬಿದ್ದರು. ಗಾಡಿಯವನು ಮಂಡಕ್ಕಿ ಕಲಸುತ್ತಲೇ, "ಒಯ್ರಿ ಕಾಕಾ. ನಾಳೆ ಮುಂಜಾನೆ ಐದಕ್ಕ ಉಳ್ಳಾಗಡ್ಡಿ ಹೆಚ್ಚೋರು ಯಾರು, ಅದನ್ನಷ್ಟ ಹೇಳ್ರಿ" ಎಂದ.

ಇಂಥ ಭಾವ ಒಮ್ಮೆ ಸರಿಯಾಗಿ ಮುಗ್ಗರಿಸಿದರು. ಒಂದು ಕಂಪನಿಯ ಪಿ.ಇ. ಬರೀ ನಾಲ್ಕು ಎಂದು ಕುಣಿದಾಡಿ ಕೊಂಡರು. ಆ ವರ್ಷದ ಲಾಭ ಸರಕು ಮಾರಿ ಬಂದದ್ದಲ್ಲ, ಕಾರ್ಖಾನೆಯ ಹಿಂದಿನ ಜಾಗ ಮಾರಿ ಬಂದದ್ದು! ಮರುವರ್ಷ ಮಾರಲು ಜಾಗವಿರಲಿಲ್ಲ. ಲಾಭ ಕರಗಿತು, ಶೇರು ನೆಲ ಕಚ್ಚಿತು.

"ಹಿತ್ತಲಾ ಮಾರಿ ಉಂಡವರನ್ನ ದುಡದು ಉಂಡವರು ಅಂದಕೊಂಡ್ರಿ?" ಎಂದಳು ಅಕ್ಕ.

ಅಂದೇ ಭಾವ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: 'ಒಂದು ವರ್ಷದ ಗಳಿಕೆ ನೋಡಬಾರದು. ಹತ್ತು ವರ್ಷದ್ದು ನೋಡಬೇಕು.'

ಈಚೆಗೆ ಅಕ್ಕನ ಮೊಣಕಾಲುಗಳು ಕೈಕೊಟ್ಟವು. ವರ್ಷದಿಂದ ಅಡುಗೆಮನೆಗೂ ಗೋಡೆ ಹಿಡಿದೇ ಹೋಗಬೇಕು. ಎರಡೂ ಕೀಲು ಬದಲಿಸಿದರೆ ನಡೆದಾಳು, ಇಲ್ಲವಾದರೆ ಕುರ್ಚಿಯೇ ಗತಿ ಎಂದರು ಡಾಕ್ಟರು. ಖರ್ಚು ಕೇಳಿ ಅಕ್ಕನೇ ಬೇಡವೆಂದು ಹಟ ಹಿಡಿದಳಂತೆ. ಅರವತ್ತೆಂಟಾಯಿತು, ದಿನವಿಡೀ ಕೂತಿರುವವಳ ಮೇಲೆ ಇಷ್ಟು ಸುರಿದರೆ ನಿಮ್ಮ ಹದಿನೈದು ದಾಟುತ್ತದೆ ಎಂದು ಗಂಡನಿಗೇ ಪಾಠ ಹೇಳಿದಳಂತೆ.

ಭಾವ ಎಲ್ಲಿ ಒಪ್ಪಿಬಿಡುತ್ತಾರೋ! ಶಾಲೆಯ ಮಾಸ್ತರನಾಗಿದ್ದಾಗಿನಿಂದ ಬೆಳಗಿನ ಆರು ಗಂಟೆಯ ಚಹಾ ಎಂದೂ ತಪ್ಪಿಸದ ನಾನು ಐದೂವರೆಗೇ ಅವರ ಬಾಗಿಲು ತಟ್ಟಿದೆ. ಜಗಳಕ್ಕೆ ನಾಲ್ಕು ಮಾತು ಜೋಡಿಸಿಕೊಂಡೇ ಹೋಗಿದ್ದೆ.

ಭಾವ ಆಸ್ಪತ್ರೆಗೆ ಒಯ್ಯುವ ಚೀಲ ತುಂಬುತ್ತಿದ್ದರು. ಪಿ.ಇ. ಆರಿದ್ದಾಗ ಕೊಂಡು, ಜೀವ ಹೋದರೂ ಮಾರೆನೆಂದು ಹೇಳಿಕೊಂಡು ತಿರುಗುತ್ತಿದ್ದ ಇನ್ನೊಂದು ಕಂಪನಿಯ ಶೇರುಗಳನ್ನು ಹಿಂದಿನ ದಿನವೇ ಮಾರಿದ್ದರು.

"ಈ ಒಂದ ವರ್ಷ ಆಕಿ ಕುಂತಾಳ, ಖರೇ," ಎಂದರು ಚೀಲದಿಂದ ಮುಖ ಎತ್ತದೆ. "ಒಂದ ವರ್ಷ ನೋಡಿ ಲೆಕ್ಕಾ ಹಾಕತಾರೇನ್ರಿ ಮಾಸ್ತರ?"

ಆಮೇಲೆ ಎದ್ದು, ಕ್ಯಾಲೆಂಡರಿನಲ್ಲಿ 'ಹತ್ತು' ಎಂಬುದನ್ನು ಹೊಡೆದು 'ನಲವತ್ತಾರು' ಎಂದು ಬರೆದರು. ಅವರ ಮದುವೆಯಾಗಿ ಅಷ್ಟೇ ವರ್ಷ.