ಕೊಟ್ರೇಶ ಪಾನಾ ಹಿಡಿದ ದಿನ

ಸಂಜೆ ನಾಲ್ಕರ ಬಸ್ಸಿಗೆ ಅತ್ತೆ ಹೊರಡಬೇಕು. ಅವಳ ಮೂರೂ ಸೀರೆಗಳನ್ನು ನುಂಗಿಕೊಂಡು ವಾಷಿಂಗ್ ಮಷಿನ್ ಹನ್ನೊಂದು ಗಂಟೆಗೇ ಮುಷ್ಕರ ಹೂಡಿತು. ನೀರು ಹೊರಗೆ ಬಿಡದು, ಬಾಗಿಲು ತೆರೆಯದು.

ಅಳಿಯ ಕೊಟ್ರೇಶ ಗಡಿಯಾರ ನೋಡಿದ. ಶಿವರಾತ್ರಿಗೆ ಅವನು ಲಿಂಗ ಮುಟ್ಟಿ ಗುಟಖಾ ಬಿಡುವ ಆಣೆ ಮಾಡಿದ್ದ. ಬಿಟ್ಟನೋ ಇಲ್ಲವೋ ನೋಡಲೆಂದೇ ಅತ್ತೆ ಹೊನ್ನವ್ವ ಹೊಳೆಆಲೂರಿನಿಂದ ನರಗುಂದಕ್ಕೆ ಬಂದು ಎರಡು ತಿಂಗಳು ಕಾವಲು ಕೂತಿದ್ದಳು. ದಿನಾ ಸಂಜೆ ಅಂಗಡಿಯಿಂದ ಬಂದವನನ್ನು ಹೊಸ್ತಿಲಲ್ಲೇ ತಡೆದು "ಬಾಯಿ ತಗೀರಿ" ಎಂದು ಮೂಸುವಳು. ನಿನ್ನೆಯಷ್ಟೇ "ಖರೇನ ಬಿಟ್ಟಾರ" ಎಂದು ಒಪ್ಪಿ ಚೀಲ ಕಟ್ಟಿದ್ದಳು.

ಮೆಕ್ಯಾನಿಕ್ ಮಹಮ್ಮದಸಾಬನಿಗೆ ಫೋನ್ ಮಾಡಿದರೆ ಅವನು ಕೊಣ್ಣೂರಿನಲ್ಲಿದ್ದ. "ಐದಕ್ಕ ಬರತೀನ್ರಿ. ಅಲ್ಲೀತನಕ ಕೈ ಹಚ್ಚಬ್ಯಾಡ್ರಿ."

ಐದಕ್ಕೆ ಬಂದರೆ ಬಸ್ಸು ಹೋಗಿರುತ್ತದೆ, ಅತ್ತೆ ಉಳಿದಿರುತ್ತಾಳೆ! "ದಿನಾ ಪಂಪಸೆಟ್ ಮಾರಾಂವಗ ಇದ್ಯಾವ ಲೆಕ್ಕ?" ಎಂದು ಕೊಟ್ರೇಶ ಮೊಬೈಲಿನಲ್ಲಿ ವಿಡಿಯೊ ಹಚ್ಚಿ, ಲುಂಗಿ ಎತ್ತಿ ಕಟ್ಟಿ, ನಟ್ಟು ಬಿಚ್ಚುವ ಪಾನಾ ಹಿಡಿದ.

ಸದ್ದು ಕೇಳಿ ಪಕ್ಕದ ಮನೆಯ ಅಬ್ದುಲಗನಿ ಓಡಿಬಂದ. "ಮುಟ್ಟಬ್ಯಾಡೋ ಕೊಟ್ರೇಶಾ! ಮಹಮ್ಮದಸಾಬ ಬರಲಿ," ಎಂದು ಕೆಮ್ಮಿದ, ಕಣ್ಣು ಮಿಟುಕಿಸಿದ.

"ಕಣ್ಣಾಗ ಧೂಳ ಬಿದ್ದೈತೇನು? ತೊಳಕೊಂಡ ಬಾ ಹೋಗು."

ಹಿಂದಿನ ತಗಡು ಬಿಚ್ಚಿ, ಏನೂ ತಿಳಿಯದೆ ಮತ್ತೆ ಕೂಡಿಸಿದ. ಮೂರು ಸ್ಕ್ರೂ ಉಳಿದವು. ಹೆಂಡತಿ ರಾಜೇಶ್ವರಿಗೆ ಕಾಣದಂತೆ ಅವನ್ನು ಸಾಸಿವೆ ಡಬ್ಬಿಗೆ ಹಾಕಿದ.

ಕೊನೆಗೆ ವಿಡಿಯೊದವನು ತೋರಿಸಿದ ಹಾಗೆ ಮಷಿನ್ನಿನ ಬುಡದಲ್ಲಿದ್ದ ಪುಟ್ಟ ಮುಚ್ಚಳ ತಿರುಗಿಸಿದ. ನೀರೆಲ್ಲ ಭೋರೆಂದು ನುಗ್ಗಿ, ಜೋಳ ಹಸನ ಮಾಡುತ್ತ ಕೂತಿದ್ದ ಹೊನ್ನವ್ವನ ತನಕ ಹರಿಯಿತು.

"ಅಯ್ಯ, ಹೊಳಿ ಬಂತಲ್ರಿ!"

ಬಾಗಿಲೂ ಟಕ್ಕೆಂದು ತೆರೆಯಿತು. ಕೊಟ್ರೇಶ ಗೆದ್ದವನಂತೆ ತಿರುಗಿದ. ಅತ್ತೆ ಸೀರೆಯ ಕಡೆ ನೋಡಲೇ ಇಲ್ಲ. ತೇಲಿ ಬಂದು ಕಾಲಿಗೆ ಅಂಟಿದ ಗುಟಖಾ ಚೀಟಿ ನೋಡುತ್ತಿದ್ದಳು. ಒಂದಲ್ಲ, ಹನ್ನೊಂದು! ಹೊರಗೆ ಎಸೆದರೆ ಸುದ್ದಿ ಮನೆ ಮುಟ್ಟೀತೆಂದು ಪ್ಯಾಂಟಿನ ಒಳಕಿಸೆಗೆ ತುರುಕಿದ್ದವೇ ಪಂಪಿನ ಬಾಯಿ ಕಟ್ಟಿದ್ದವು. ವಾಸನೆ ಮುಚ್ಚಲು ಎರಡು ತಿಂಗಳು ಅಗಿದ ಲವಂಗವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಹೊನ್ನವ್ವ ಕಟ್ಟಿದ ಚೀಲ ಬಿಚ್ಚಿದಳು. "ರಾಜೀ, ನಾ ದೀಪಾವಳಿ ಮುಗಿಸಿಕೊಂಡ ಹೋಗತೀನವಾ."

ಐದಕ್ಕೆ ಬಂದ ಮಹಮ್ಮದಸಾಬ ಹಣೆ ಬಡಿದುಕೊಂಡು ಕೊಟ್ರೇಶನ ಕಿವಿಯಲ್ಲಿ ಉಸುರಿದ. "ಕೈ ಹಚ್ಚಬ್ಯಾಡ್ರಿ ಅಂದಿದ್ದಿಲ್ಲೇನ್ರಿ? ಈ ಓಣ್ಯಾಗಿನ ಎಲ್ಲಾ ಮಷಿನ್‌ದಾಗೂ ಈ ಚೀಟಿ ಸಿಗತಾವ್ರಿ. ನಾ ಸುಮ್ಮ ಕಿಸೆದಾಗ ಇಟಗೊಂಡು, 'ಅಂಗಿ ಗುಂಡಿ ಸಿಕ್ಕಿತ್ತವ್ವಾ' ಅಂತೀನಿ. ಅಬ್ದುಲಗನಿಯವರ ಮನ್ಯಾಗ ಮೂರ ಸಲ ಗುಂಡಿ ತಗದೀನ್ರಿ."

ಒಳಗಿನಿಂದ ಹೊನ್ನವ್ವನ ದನಿ ಕೇಳಿತು:

"ಅಳಿಯಂದ್ರ, ಸಂಜಿ ಆತು. ಬಾಯಿ ತಗೀರಿ."